ಒಂದೇ ಹೆಸರಿನ ಸ್ಟೆಮ್ ಸೆಲ್ ಅಮೆರಿಕದಲ್ಲಿ ಪಾಸು, ಯುರೋಪಲ್ಲಿ ವಾಪಸು: ಗೊಂದಲ ಶುರುವಾಗೋದು ಲ್ಯಾಬಿನ ತಟ್ಟೆಯಲ್ಲಿ

2024ರ ಡಿಸೆಂಬರಲ್ಲಿ ಹೆಚ್ಚುಕಮ್ಮಿ ಒಂದು ವಾರದ ಅಂತರದಲ್ಲಿ ಎರಡು ಸುದ್ದಿ ಬಂತು. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಡಿಸೆಂಬರ್ 18ಕ್ಕೆ ರಯಾನ್ಸಿಲ್ ಅನ್ನೋ ಔಷಧಿಗೆ ಒಪ್ಪಿಗೆ ಕೊಡ್ತು, ಮೆಸೆಂಕೈಮಲ್ ಸ್ಟೆಮ್ ಸೆಲ್‌ನಿಂದ (ಮೂಳೆ ಮಜ್ಜೆ, ಕೊಬ್ಬು ಇಂಥ ಕಡೆ ಸಿಗೋ ಒಂದು ಜಾತಿಯ ಕೋಶ) ತಯಾರಾದ ಔಷಧಿಗೆ ಆ ದೇಶದಲ್ಲಿ ಒಪ್ಪಿಗೆ ಸಿಕ್ಕಿದ್ದು ಅದೇ ಮೊದಲು. ಅದೇ ತಿಂಗಳು ಯುರೋಪಲ್ಲಿ 2018ರಿಂದ ಮಾರ್ಕೆಟಲ್ಲಿದ್ದ ಅಲೋಫಿಸೆಲ್ ಅನ್ನೋ ಇದೇ ಜಾತಿಯ ಔಷಧಿಯನ್ನ ಅದರ ಕಂಪನಿ ತಾಕೆಡಾ ವಾಪಸ್ ತಗೊಳ್ತು, ಯಾಕಂದ್ರೆ ದೊಡ್ಡ ಟ್ರಯಲ್‌ನಲ್ಲಿ ಅದರಿಂದ ಉಪಯೋಗ ಕಾಣಲಿಲ್ಲ. ಇಷ್ಟು ಸಾಲದು ಅಂತ 2025ರ ಜುಲೈ 1ರಿಂದ ಫ್ಲಾರಿಡಾ ರಾಜ್ಯದಲ್ಲಿ ಹೊಸ ಕಾನೂನು ಬಂತು, ಎಫ್‌ಡಿಎ ಒಪ್ಪಿಗೆ ಇಲ್ಲದ ಸ್ಟೆಮ್ ಸೆಲ್ ಚಿಕಿತ್ಸೆಯನ್ನೂ ಮೂಳೆ-ಕೀಲು, ಗಾಯ, ನೋವು ಈ ಮೂರು ವಿಷಯಕ್ಕೆ ಡಾಕ್ಟರುಗಳು ಕೊಡಬಹುದು ಅಂತ.

ಮೂರನ್ನೂ ಓದಿದವರಿಗೆ ತಲೆಬುಡ ಅರ್ಥ ಆಗದೇ ಇದ್ರೆ ಅದು ಓದಿದವರ ತಪ್ಪಲ್ಲ. ಇದು ಕೆಲಸ ಮಾಡುತ್ತೋ ಇಲ್ವೋ ಅಂತ ಎಲ್ರೂ ಕೇಳ್ತಾರೆ, ಆದ್ರೆ ತೊಂದರೆ ಆ ಪ್ರಶ್ನೆಯಲ್ಲೇ ಇದೆ. ಮೆಸೆಂಕೈಮಲ್ ಸ್ಟೆಮ್ ಸೆಲ್ ಅನ್ನೋದು ಒಂದು ಔಷಧಿಯ ಹೆಸರಲ್ಲ. ದಾನಿಯ ದೇಹದಿಂದ ತೆಗೆದ ಕೋಶಕ್ಕೂ ರೋಗಿಯ ರಕ್ತನಾಳಕ್ಕೆ ಹೋಗೋ ಕೋಶಕ್ಕೂ ಮಧ್ಯೆ ಹಲವು ವಾರಗಳ ಲ್ಯಾಬ್ ಕೆಲಸ ಇದೆ, ಆ ವಾರಗಳಲ್ಲಿ ಏನು ನಡೀತು ಅನ್ನೋದರ ಮೇಲೇ ಕೊನೆಗೆ ಬಾಟಲಿಯಲ್ಲಿ ಇರೋದು ಏನು ಅನ್ನೋದು ನಿಂತಿರುತ್ತೆ. ಸುದ್ದಿಗಳಲ್ಲಿ ಆ ಭಾಗದ ಪ್ರಸ್ತಾಪವೇ ಇರಲ್ಲ, ಹಾಗಾಗಿ ಅಲ್ಲಿಂದಲೇ ಶುರು ಮಾಡಬೇಕು.

ಹೆಸರಲ್ಲೇ ಇರೋ ಜಗಳ

1960-70ರ ದಶಕದಲ್ಲಿ ಸೋವಿಯತ್ ವಿಜ್ಞಾನಿ ಅಲೆಕ್ಸಾಂಡರ್ ಫ್ರೀಡೆನ್‌ಸ್ಟೈನ್ ಮತ್ತೆ ಅವರ ಜೊತೆಯವರು ಪ್ರಾಣಿಗಳ ಮೂಳೆ ಮಜ್ಜೆಯನ್ನ ತಟ್ಟೆಯಲ್ಲಿ ಹಾಕಿ ನೋಡಿದಾಗ ಒಂದು ವಿಷಯ ಗಮನಿಸಿದ್ರು, ರಕ್ತ ತಯಾರು ಮಾಡೋ ಕೋಶಗಳೆಲ್ಲ ದ್ರವದಲ್ಲಿ ತೇಲ್ತಾ ಇದ್ರೆ ಬೆರಳೆಣಿಕೆಯಷ್ಟು ಕೋಶಗಳು ಮಾತ್ರ ತಳಕ್ಕೆ ಗಟ್ಟಿಯಾಗಿ ಅಂಟಿಕೊಂಡು, ಒಂದೊಂದರಿಂದ ಒಂದೊಂದು ಗುಂಪು ಬೆಳೀತಿತ್ತು. ಆ ಕೋಶಗಳಿಂದ ಮೂಳೆ ಹುಟ್ಟುತ್ತೆ ಅನ್ನೋದೂ ಗೊತ್ತಾಯ್ತು. 1991ರಲ್ಲಿ ಅಮೆರಿಕದ ಆರ್ನಾಲ್ಡ್ ಕ್ಯಾಪ್ಲನ್ ಇವಕ್ಕೆ ಮೆಸೆಂಕೈಮಲ್ ಸ್ಟೆಮ್ ಸೆಲ್ ಅಂತ ಹೆಸರಿಟ್ರು, 1999ರಲ್ಲಿ ಪಿಟೆಂಜರ್ ತಂಡ ಮನುಷ್ಯರ ಮಜ್ಜೆಯಿಂದ ತೆಗೆದ ಈ ಕೋಶಗಳನ್ನ ಲ್ಯಾಬಲ್ಲಿ ಮೂಳೆ, ಕೊಬ್ಬು, ಮೃದ್ವಸ್ಥಿ ಮೂರೂ ಆಗೋ ಹಾಗೆ ಮಾಡಿ ತೋರಿಸ್ತು. ಅಲ್ಲಿಂದ ಈ ಹೆಸರು ಓಡೋಕೆ ಶುರುವಾಯ್ತು.

ಸವೆದ ಮಂಡಿಗೆ ಹಾಕಿದ್ರೆ ಮಂಡಿಯಾಗುತ್ತೆ, ಹೃದಯಕ್ಕೆ ಹಾಕಿದ್ರೆ ಹೃದಯವಾಗುತ್ತೆ ಅನ್ನೋ ಆಸೆ ಹುಟ್ಟಿದ್ದು ಆಗಲೇ. ಆದ್ರೆ ರಕ್ತನಾಳಕ್ಕೆ ಕೊಟ್ಟ ಕೋಶಗಳು ಎಲ್ಲಿ ಹೋಗ್ತವೆ ಅಂತ ಪ್ರಾಣಿಗಳಲ್ಲಿ ಹಿಂಬಾಲಿಸಿ ನೋಡಿದಾಗ ಬಹುಪಾಲು ಶ್ವಾಸಕೋಶದ ಸಣ್ಣ ರಕ್ತನಾಳಗಳಲ್ಲೇ ಸಿಕ್ಕಿಹಾಕಿಕೊಂಡು ಒಂದೆರಡು ದಿನದಲ್ಲಿ ಮಾಯ ಆಗ್ತಿದ್ವು. ಆದ್ರೂ ಕೆಲವು ರೋಗಗಳಲ್ಲಿ ಪರಿಣಾಮ ಕಾಣ್ತಿತ್ತು. ಹಾಗಾದ್ರೆ ಇವು ಬದಲಿ ಅಂಗಾಂಶ ಆಗ್ತಿಲ್ಲ, ಬದುಕಿರೋಷ್ಟು ಹೊತ್ತು ಏನೇನೋ ಪ್ರೋಟೀನು, ಸಂಕೇತಗಳನ್ನ ಸುರಿಸಿ ಸುತ್ತಲಿನ ರೋಗನಿರೋಧಕ ಕೋಶಗಳ ಅಬ್ಬರ ತಗ್ಗಿಸ್ತಿವೆ ಅನ್ನೋ ತಿಳುವಳಿಕೆ ಬಂತು, ಇವು ಸಾಯೋ ರೀತಿಯಿಂದಲೂ ಆ ಅಬ್ಬರ ತಗ್ಗುತ್ತೆ ಅಂತ 2017ರಲ್ಲಿ ಒಂದು ಅಧ್ಯಯನ ತೋರಿಸ್ತು. ಅದೇ ವರ್ಷ ಕ್ಯಾಪ್ಲನ್ ಅವರೇ ಮುಂದೆ ಬಂದು, ಇವನ್ನ ಸ್ಟೆಮ್ ಸೆಲ್ ಅಂತ ಕರೆಯೋದು ಬಿಡೋಣ, ಜನಕ್ಕೆ ತಪ್ಪು ಅರ್ಥ ಹೋಗ್ತಿದೆ ಅಂತ ಬರೆದ್ರು. ತಾನೇ ಇಟ್ಟ ಹೆಸರು ತಪ್ಪು ಅಂತ ಬಹಿರಂಗವಾಗಿ ಹೇಳೋದು ಸಣ್ಣ ವಿಷಯ ಅಲ್ಲ. ಆದ್ರೆ ಅಷ್ಟು ಹೊತ್ತಿಗೆ ಆ ಹೆಸರು ಜಾಹೀರಾತಿನ ಬಂಡವಾಳ ಆಗಿಬಿಟ್ಟಿತ್ತು, ಇವತ್ತಿಗೂ ಹಾಗೇ ಇದೆ.

ಬೆಳೆಸೋದು ಅಂದ್ರೆ ಏನು ಮಾಡ್ತಾರೆ

ಮೂಳೆ ಮಜ್ಜೆಯಲ್ಲಿ ಹತ್ತು ಸಾವಿರದಿಂದ ಒಂದು ಲಕ್ಷ ಕೋಶಕ್ಕೆ ಒಂದು ಮಾತ್ರ ಈ ಜಾತಿಯದು. ಚರ್ಮದಡಿಯ ಕೊಬ್ಬಿನಲ್ಲಿ ಇದಕ್ಕಿಂತ ಬಹಳ ಹೆಚ್ಚು ಸಿಗುತ್ತೆ, ಹೊಕ್ಕುಳಬಳ್ಳಿಯಿಂದಲೂ ತೆಗೀತಾರೆ. ಎಲ್ಲಿಂದ ತೆಗೆದ್ರೂ ನೇರವಾಗಿ ಚಿಕಿತ್ಸೆಗೆ ಸಾಲೋಷ್ಟು ಸಿಗಲ್ಲ, ಬೆಳೆಸಲೇಬೇಕು.

ಮಜ್ಜೆಯನ್ನ ದಪ್ಪ ದ್ರವದ ಮೇಲೆ ಮೆಲ್ಲಗೆ ಸುರಿದು ಸೆಂಟ್ರಿಫ್ಯೂಜಲ್ಲಿ ತಿರುಗಿಸ್ತಾರೆ, ಕೆಂಪು ರಕ್ತಕಣ ತಳಕ್ಕೆ ಇಳಿದು ಮಧ್ಯೆ ತೆಳ್ಳಗೆ ಒಂದು ಬಿಳಿ ಪದರ ನಿಲ್ಲುತ್ತೆ, ಅದನ್ನ ಪಿಪೆಟ್‌ನಿಂದ ಎಳೆದು ಪ್ಲಾಸ್ಟಿಕ್ ಫ್ಲಾಸ್ಕಿಗೆ ಹಾಕಿ 37 ಡಿಗ್ರಿ ಶಾಖ, ಶೇ 5 ಕಾರ್ಬನ್ ಡೈಆಕ್ಸೈಡ್ ಇರೋ ಇನ್‌ಕ್ಯುಬೇಟರಲ್ಲಿ ಇಡ್ತಾರೆ. ಒಂದೆರಡು ದಿನ ಬಿಟ್ಟು ದ್ರವ ಚೆಲ್ಲಿ ತೊಳೀತಾರೆ. ತೇಲೋವೆಲ್ಲ ಹೋಗ್ತವೆ, ಅಂಟಿಕೊಂಡಿರೋವು ಉಳೀತವೆ. ಆಯ್ಕೆ ಅಂತ ನಡೆಯೋದು ಬಹಳ ಕಡೆ ಇಷ್ಟೇ, ಅರವತ್ತು ವರ್ಷದ ಹಿಂದೆ ಫ್ರೀಡೆನ್‌ಸ್ಟೈನ್ ಮಾಡಿದ್ದೂ ಹೆಚ್ಚುಕಮ್ಮಿ ಇದನ್ನೇ.

ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಆರಂಭದಲ್ಲಿ ಅಲ್ಲೊಂದು ಇಲ್ಲೊಂದು ಉದ್ದನೆಯ, ಎರಡೂ ತುದಿ ಚೂಪಾದ ಕದಿರಿನಂಥ ಕೋಶಗಳು ಕಾಣ್ತವೆ. ಒಂದೆರಡು ವಾರಕ್ಕೆ ಅವು ಗುಂಪುಗುಂಪಾಗಿ ಬೆಳೆದು ನೀರಿನ ಸುಳಿ ಥರ ಒಂದೇ ದಿಕ್ಕಿಗೆ ಸಾಲಾಗಿ ನಿಂತಿರ್ತವೆ. ತಳದ ಶೇ 70-80 ಜಾಗ ತುಂಬಿತು ಅನ್ನುವಾಗ ಇನ್ನು ಬಿಡಬಾರದು, ಒತ್ತೊತ್ತಾದ್ರೆ ಸ್ವಭಾವ ಬದಲಾಗೋಕೆ ಶುರುವಾಗುತ್ತೆ. ಹಳೆ ದ್ರವ ತೆಗೆದು ಟ್ರಿಪ್ಸಿನ್ ಅನ್ನೋ ಅಂಟು ಬಿಡಿಸೋ ಕಿಣ್ವ ಹಾಕಿ ಕೆಲವು ನಿಮಿಷ ಬಿಟ್ರೆ ಚಾಚಿಕೊಂಡಿದ್ದ ಕೋಶಗಳು ಕೈಕಾಲು ಮುದುಡಿಕೊಂಡ ಹಾಗೆ ದುಂಡಗಾಗಿ, ಫ್ಲಾಸ್ಕಿನ ಪಕ್ಕಕ್ಕೆ ಮೆಲ್ಲಗೆ ತಟ್ಟಿದ್ರೆ ಬಿಡಿಸಿಕೊಂಡು ತೇಲ್ತವೆ. ಇಲ್ಲಿ ಎರಡು ನಿಮಿಷ ಹೆಚ್ಚಾದ್ರೆ ಟ್ರಿಪ್ಸಿನ್ ಕೋಶದ ಹೊರಮೈಯಲ್ಲಿರೋ ಪ್ರೋಟೀನುಗಳನ್ನೇ ಕತ್ತರಿಸಿ ಹಾಕುತ್ತೆ, ಕಡಿಮೆ ಆದ್ರೆ ಅರ್ಧ ಕೋಶ ತಳದಲ್ಲೇ ಉಳೀತವೆ. ಬಿಡಿಸಿದ ಕೋಶಗಳನ್ನ ಎಣಿಸಿ, ಹೊಸ ಫ್ಲಾಸ್ಕುಗಳಿಗೆ ತೆಳುವಾಗಿ ಹಂಚಿ ಮತ್ತೆ ಇನ್‌ಕ್ಯುಬೇಟರಿಗೆ. ಹೀಗೆ ಒಂದು ಸಲ ಬಿಡಿಸಿ ಹಂಚೋದಕ್ಕೆ ಪ್ಯಾಸೇಜ್ ಅಂತಾರೆ. ಕೊನೆಗೆ ಹೆಪ್ಪುಗಟ್ಟುವಾಗ ಕೋಶ ಹಾಳಾಗದ ಹಾಗೆ ಕಾಯೋ ಡಿಎಮ್‌ಎಸ್‌ಓ ಅನ್ನೋ ರಾಸಾಯನಿಕ ಶೇ 10ರಷ್ಟು ಸೇರಿಸಿ ನಿಮಿಷಕ್ಕೆ ಒಂದು ಡಿಗ್ರಿ ಲೆಕ್ಕದಲ್ಲಿ ನಿಧಾನಕ್ಕೆ ತಣ್ಣಗೆ ಮಾಡಿ ದ್ರವ ಸಾರಜನಕದ ಟ್ಯಾಂಕಲ್ಲಿ ಇಡ್ತಾರೆ.

ಒಂದು ಸಣ್ಣ ಲೆಕ್ಕ

ರಯಾನ್ಸಿಲ್ ಕೊಡೋದು ರೋಗಿಯ ತೂಕದ ಪ್ರತಿ ಕಿಲೋಗೆ 20 ಲಕ್ಷ ಕೋಶ, ವಾರಕ್ಕೆ ಎರಡು ಸಲ, ನಾಲ್ಕು ವಾರ. 20 ಕಿಲೋ ತೂಕದ ಮಗು ಅಂತ ಇಟ್ಕೊಳ್ಳಿ. ಒಂದು ಸಲಕ್ಕೆ 4 ಕೋಟಿ, ಎಂಟು ಸಲಕ್ಕೆ 32 ಕೋಟಿ ಕೋಶ ಬೇಕು. 175 ಚದರ ಸೆಂಟಿಮೀಟರ್ ತಳ ಇರೋ ದೊಡ್ಡ ಫ್ಲಾಸ್ಕಲ್ಲಿ ಚದರ ಸೆಂಟಿಮೀಟರಿಗೆ 20,000 ಕೋಶ ಅಂತ ಹಿಡಿದ್ರೆ 35 ಲಕ್ಷ ಸಿಗುತ್ತೆ, ಅಂದ್ರೆ ಒಂದು ಮಗುವಿಗೇ 90ಕ್ಕೂ ಹೆಚ್ಚು ಫ್ಲಾಸ್ಕು.

ಈಗ ಇನ್ನೊಂದು ಕಡೆಯಿಂದ ನೋಡಿ. ದಾನಿಯ ಮಜ್ಜೆಯಿಂದ 10,000 ಕೋಶ ತಳಕ್ಕೆ ಅಂಟಿಕೊಂಡ್ವು ಅಂದುಕೊಂಡ್ರೆ, ಅವೆಲ್ಲ 15 ಸಲ ಎರಡಾಗಿ ಒಡೆದ್ರೆ 32 ಕೋಟಿ ದಾಟುತ್ತೆ, ಒಂದು ಮಗುವಿಗೆ ಆಯ್ತು. ಇನ್ನೈದು ಸಲ ಒಡೆದ್ರೆ ಅದರ 32 ಪಟ್ಟು, ಅಂದ್ರೆ ಸಾವಿರ ಕೋಟಿಗಿಂತ ಹೆಚ್ಚು, ಮೂವತ್ತು ಮಕ್ಕಳಿಗೆ ಸಾಕು. ಮತ್ತೈದು ಸಲಕ್ಕೆ ಸಾವಿರ ಮಕ್ಕಳು. ದಾನಿ ಅದೇ, ಮಜ್ಜೆ ಅದೇ, ದಾನಿಯ ಪರೀಕ್ಷೆಗೆ ಆದ ಖರ್ಚು ಅದೇ. ಹಾಗಾಗಿ ಇನ್ನೈದು ಸಲ ಒಡೆಯೋಕೆ ಬಿಡೋಣ ಅನ್ನೋ ಆಸೆ ಯಾವ ತಯಾರಕರಿಗಾದ್ರೂ ಬಂದೇ ಬರುತ್ತೆ, ಅದನ್ನ ದುರಾಸೆ ಅಂತ ಮಾತ್ರ ನೋಡೋಕಾಗಲ್ಲ, ಅದಿಲ್ಲದೆ ಈ ಚಿಕಿತ್ಸೆ ಹೆಚ್ಚು ಜನರಿಗೆ ಮುಟ್ಟೋದೂ ಇಲ್ಲ.

ಆದ್ರೆ ಕೋಶಕ್ಕೆ ಆಯಸ್ಸಿದೆ. ಮನುಷ್ಯನ ಸಾಮಾನ್ಯ ಕೋಶ ತಟ್ಟೆಯಲ್ಲಿ ಇಷ್ಟು ಸಲ ಒಡೆದ ಮೇಲೆ ನಿಂತುಬಿಡುತ್ತೆ ಅಂತ 1961ರಲ್ಲೇ ಹೇಫ್ಲಿಕ್ ಮತ್ತೆ ಮೂರ್‌ಹೆಡ್ ತೋರಿಸಿದ್ರು. ಪ್ಯಾಸೇಜ್ ಹೆಚ್ಚಾದ ಹಾಗೆ ಆ ಕದಿರಿನಂಥ ಆಕಾರ ಹೋಗಿ ಕೋಶ ಅಗಲವಾಗಿ, ಚಪ್ಪಟೆಯಾಗಿ, ಅಂಚು ಹರಿದ ಹಾಗೆ ಆಗುತ್ತೆ, ಒಡೆಯೋಕೆ ತಗೊಳ್ಳೋ ಸಮಯ ಉದ್ದ ಆಗ್ತಾ ಹೋಗುತ್ತೆ. ಮುಪ್ಪಾದ ಕೋಶ ಸುಮ್ಮನೆ ಕೂರಲ್ಲ, ಉರಿಯೂತ ಹೆಚ್ಚಿಸೋ ವಸ್ತುಗಳನ್ನ ಹೊರಗೆ ಬಿಡುತ್ತೆ. ಉರಿಯೂತ ತಗ್ಗಿಸಲಿ ಅಂತ ಕೊಡೋ ಔಷಧಿಯಲ್ಲಿ ಉರಿಯೂತ ಹೆಚ್ಚಿಸೋ ಕೋಶಗಳು ಸೇರಿಕೊಂಡ್ರೆ ಫಲಿತಾಂಶ ಎತ್ತ ಹೋಗಬಹುದು ಅಂತ ಹೇಳಬೇಕಾಗಿಲ್ಲ.

ತಟ್ಟೆಯೂ ಪಾಠ ಹೇಳುತ್ತೆ

ಬರೀ ಎಷ್ಟು ಸಲ ಒಡೀತು ಅನ್ನೋದಲ್ಲ, ಯಾವುದರ ಮೇಲೆ, ಯಾವುದನ್ನ ಉಂಡು ಒಡೀತು ಅನ್ನೋದೂ ಲೆಕ್ಕಕ್ಕೆ ಬರುತ್ತೆ. 2006ರಲ್ಲಿ ಎಂಗ್ಲರ್ ಮತ್ತೆ ಡಿಷರ್ ತಂಡ ಈ ಕೋಶಗಳನ್ನ ಬೇರೆ ಬೇರೆ ಗಡಸುತನದ ಜೆಲ್ ಮೇಲೆ ಬೆಳೆಸಿ ನೋಡ್ತು. ಮೆದುಳಿನಷ್ಟು ಮೆತ್ತಗಿರೋದರ ಮೇಲೆ ನರಕೋಶದ ಕಡೆಗೆ, ಸ್ನಾಯುವಿನಷ್ಟು ಬಿಗಿಯಾಗಿರೋದರ ಮೇಲೆ ಸ್ನಾಯುವಿನ ಕಡೆಗೆ, ಗಟ್ಟಿ ಜೆಲ್ ಮೇಲೆ ಮೂಳೆಯ ಕಡೆಗೆ ವಾಲಿದ್ವು. ಬೇರೆ ಯಾವ ಔಷಧಿಯೂ ಹಾಕದೆ, ಬರೀ ಕೆಳಗಿನ ನೆಲ ಬದಲಾಯಿಸಿದ್ದಕ್ಕೆ. ಲ್ಯಾಬಲ್ಲಿ ಕೋಶ ಬೆಳೆಸೋಕೆ ಬಳಸೋ ಪ್ಲಾಸ್ಟಿಕ್ಕು ದೇಹದ ಯಾವ ಮೆತ್ತನೆ ಅಂಗಾಂಶಕ್ಕಿಂತಲೂ ಸಾವಿರಾರು ಪಟ್ಟು ಗಡಸು. ಅದರ ಮೇಲೆ ಹೆಚ್ಚು ದಿನ ಇದ್ದ ಕೋಶ ಆಮೇಲೆ ಮೆತ್ತನೆ ಜಾಗಕ್ಕೆ ಬಂದ್ರೂ ಗಡಸಿನ ನೆನಪು ಇಟ್ಕೊಂಡಿರುತ್ತೆ ಅಂತ ಆಮೇಲಿನ ಕೆಲಸಗಳು ತೋರಿಸಿವೆ. ಗಾಳಿಯ ವಿಷಯವೂ ಹಾಗೇ, ಮಜ್ಜೆಯ ಒಳಗೆ ಆಮ್ಲಜನಕ ಶೇ 1ರಿಂದ 7ರ ಆಸುಪಾಸು, ಮಾಮೂಲಿ ಇನ್‌ಕ್ಯುಬೇಟರಲ್ಲಿ ಶೇ 20ರ ಹತ್ತಿರ.

ಆಹಾರದ್ದು ಇನ್ನೂ ದೊಡ್ಡ ತಕರಾರು. ದಶಕಗಳಿಂದ ನಡೆದು ಬಂದಿರೋದು ಹುಟ್ಟದ ಕರುವಿನ ರಕ್ತದಿಂದ ತೆಗೆದ ಸೀರಮ್, ದ್ರವದಲ್ಲಿ ಅದು ಸಾಮಾನ್ಯವಾಗಿ ಶೇ 10 ಇರುತ್ತೆ. ಅದರಲ್ಲಿ ಏನೇನಿದೆ ಅಂತ ಪೂರ್ತಿ ಪಟ್ಟಿ ಯಾರ ಹತ್ತಿರವೂ ಇಲ್ಲ, ಒಂದು ಬ್ಯಾಚಿನ ಹಾಗೆ ಇನ್ನೊಂದು ಇರಲ್ಲ, ಪ್ರಾಣಿ ರೋಗ ದಾಟಿ ಬರೋ ಭಯ ಬೇರೆ, ಆ ದನದ ಪ್ರೋಟೀನನ್ನ ಕೋಶಗಳು ಒಳಗೆ ಎಳೆದುಕೊಂಡು ರೋಗಿಯ ದೇಹದವರೆಗೂ ಹೊತ್ತೊಯ್ತವೆ. ಇದಕ್ಕೆ ಬದಲಿಯಾಗಿ ಮನುಷ್ಯರ ಪ್ಲೇಟ್‌ಲೆಟ್ ಒಡೆದು ತೆಗೆದ ದ್ರವ ಬಳಸೋದು ಹೆಚ್ಚಾಗಿದೆ, ಅದರಲ್ಲಿ ಕೋಶಗಳು ಜೋರಾಗಿ ಬೆಳೀತವೆ ಕೂಡ, ಆದ್ರೆ ಅದರಲ್ಲಿ ರಕ್ತ ಹೆಪ್ಪುಗಟ್ಟಿಸೋ ಫೈಬ್ರಿನೋಜನ್ ಇರೋದ್ರಿಂದ, ಹೆಪ್ಪುಗಟ್ಟೋದನ್ನ ತಡೆಯೋ ಹೆಪಾರಿನ್ ಹಾಕದೇ ಇದ್ರೆ ಫ್ಲಾಸ್ಕಿನ ದ್ರವವೇ ಲೋಳೆಯಾಗಿ ಗಟ್ಟಿಯಾಗಿಬಿಡುತ್ತೆ. ಹೆಪಾರಿನ್ ಹಾಕಿದ್ರೆ ಅದರದ್ದೇ ಪರಿಣಾಮ. ಒಂದು ಸಮಸ್ಯೆ ಬಿಡಿಸೋಕೆ ಹೋದ್ರೆ ಇನ್ನೊಂದು ಗಂಟು ಬೀಳುತ್ತೆ, ಇಂಥ ಒಂದೊಂದು ತೀರ್ಮಾನದಲ್ಲೂ ಎರಡು ಲ್ಯಾಬುಗಳ ದಾರಿ ಬೇರೆಯಾಗ್ತಾ ಹೋಗುತ್ತೆ, ಕೊನೆಗೆ ಎರಡು ಕಡೆಯೂ ಬಾಟಲಿಯ ಮೇಲೆ ಇರೋ ಹೆಸರು ಮಾತ್ರ ಒಂದೇ.

ಒಂದು ಕಲಬೆರಕೆಯ ಕಥೆ

ಲ್ಯಾಬ್ ಶಿಸ್ತು ಸಡಿಲಾದ್ರೆ ಏನಾಗುತ್ತೆ ಅನ್ನೋದಕ್ಕೆ ಈ ಕ್ಷೇತ್ರದಲ್ಲೇ ಒಂದು ಉದಾಹರಣೆ ಇದೆ. 2005ರಲ್ಲಿ ಒಂದು ಹೆಸರಾಂತ ಕ್ಯಾನ್ಸರ್ ಪತ್ರಿಕೆಯಲ್ಲಿ, ಮನುಷ್ಯರ ಕೊಬ್ಬಿನಿಂದ ತೆಗೆದ ಈ ಕೋಶಗಳನ್ನ ತಿಂಗಳುಗಟ್ಟಲೆ ಬೆಳೆಸಿದ್ರೆ ತಾವಾಗೇ ಕ್ಯಾನ್ಸರ್ ಆಗ್ತವೆ ಅಂತ ವರದಿ ಬಂತು. ಎಲ್ಲರಿಗೂ ಗಾಬರಿ. ಇನ್ನೂ ಕೆಲವು ಲ್ಯಾಬುಗಳು ನಮಗೂ ಹಾಗೇ ಕಂಡಿದೆ ಅಂದ್ವು. ಆಮೇಲೆ ಡಿಎನ್‌ಎ ಗುರುತು ಹಿಡಿದು ನೋಡಿದಾಗ ಕ್ಯಾನ್ಸರ್ ಆಗಿದ್ದ ಕೋಶಗಳು ದಾನಿಯದ್ದೇ ಅಲ್ಲ! ಅಕ್ಕಪಕ್ಕದಲ್ಲಿ ಸಂಶೋಧನೆಗೆ ಅಂತ ಬೆಳೆಸ್ತಿದ್ದ ಕ್ಯಾನ್ಸರ್ ಕೋಶಗಳು ಹೇಗೋ ಫ್ಲಾಸ್ಕಿಗೆ ಸೇರಿಕೊಂಡು, ನಿಧಾನಕ್ಕೆ ಬೆಳೆಯೋ ಮೂಲ ಕೋಶಗಳನ್ನ ಹಿಂದೆ ಹಾಕಿ ಇಡೀ ಫ್ಲಾಸ್ಕ್ ಆಕ್ರಮಿಸಿಕೊಂಡಿದ್ವು. ಈ ಬಗೆಯ ಕಲಬೆರಕೆ 2010ರಲ್ಲಿ ಬಯಲಾಯ್ತು, 2005ರ ಪ್ರಬಂಧವನ್ನೂ ಅದೇ ವರ್ಷ ಹಿಂತೆಗೆದುಕೊಂಡ್ರು.

ಐದು ವರ್ಷ ಒಂದು ಕ್ಷೇತ್ರ ಹೆದರಿಕೊಂಡು ಕೂತಿದ್ದು ಒಂದೆರಡು ಹನಿ ಬೆರೆತಿದ್ದಕ್ಕೆ. ಮೈಕೋಪ್ಲಾಸ್ಮಾದ್ದು ಇದಕ್ಕಿಂತ ಮೆತ್ತಗಿನ ದಾಳಿ, ಈ ಬ್ಯಾಕ್ಟೀರಿಯಾಗೆ ಕೋಶಭಿತ್ತಿ ಇಲ್ಲ, ಹಾಗಾಗಿ ಪೆನಿಸಿಲಿನ್ ನಾಟಲ್ಲ, ಸೋಸೋ ಫಿಲ್ಟರಿನ ತೂತಲ್ಲೂ ನುಸುಳುತ್ತೆ, ದ್ರವ ಕದಡಲ್ಲ, ವಾಸನೆ ಬರಲ್ಲ. ಪ್ರತ್ಯೇಕ ಪರೀಕ್ಷೆ ಮಾಡದೇ ಇದ್ರೆ ಕಣ್ಣಿಗೆ ಬೀಳೋದೇ ಇಲ್ಲ. ಆದ್ರೆ ಕೋಶದ ನಡವಳಿಕೆ ಪೂರ್ತಿ ಬದಲಾಗಿರುತ್ತೆ.

ಎಫ್‌ಡಿಎ ಎರಡು ಸಲ ವಾಪಸ್ ಕಳಿಸಿದ್ದು ಯಾಕೆ

ಈಗ ರಯಾನ್ಸಿಲ್ ಕಥೆಗೆ ಬರೋಣ. ಮಜ್ಜೆ ಕಸಿ ಮಾಡಿಸಿಕೊಂಡ ಕೆಲವು ರೋಗಿಗಳಲ್ಲಿ ದಾನಿಯಿಂದ ಬಂದ ರೋಗನಿರೋಧಕ ಕೋಶಗಳು ರೋಗಿಯ ಚರ್ಮ, ಕರುಳು, ಯಕೃತ್ತಿನ ಮೇಲೇ ತಿರುಗಿ ಬೀಳ್ತವೆ, ಇದನ್ನ ಜಿವಿಎಚ್‌ಡಿ ಅಂತಾರೆ. ಸ್ಟೀರಾಯ್ಡಿಗೂ ಬಗ್ಗದೇ ಇದ್ರೆ ಪ್ರಾಣಕ್ಕೇ ಕುತ್ತು. 2004ರಲ್ಲಿ ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯ ಕಟಾರಿನಾ ಲೆ ಬ್ಲಾಂಕ್ ತಂಡ ಇಂಥ ಸ್ಥಿತಿಯಲ್ಲಿದ್ದ 9 ವರ್ಷದ ಹುಡುಗನಿಗೆ ಅವನ ತಾಯಿಯ ಮಜ್ಜೆಯಿಂದ ಬೆಳೆಸಿದ ಕೋಶ ಕೊಟ್ಟು ಚೇತರಿಸಿಕೊಂಡಿದ್ದನ್ನ ವರದಿ ಮಾಡಿತ್ತು, ಇಡೀ ದಾರಿ ತೆರೆದಿದ್ದು ಅದೇ. ಆದ್ರೆ ಅದನ್ನೇ ದೊಡ್ಡ ಪ್ರಮಾಣದಲ್ಲಿ ಔಷಧಿ ಮಾಡಿ ಪ್ಲಾಸಿಬೋ (ಔಷಧಿ ಇಲ್ಲದ ಹುಸಿ ಮದ್ದು) ಜೊತೆ ಹೋಲಿಸಿ ನೋಡಿದ ಟ್ರಯಲ್‌ಗಳು 2009ರಲ್ಲಿ ಗುರಿ ಮುಟ್ಟಲಿಲ್ಲ. ಮಕ್ಕಳಲ್ಲಿ ಫಲಿತಾಂಶ ಚೆನ್ನಾಗಿದೆ ಅನ್ನೋ ಸುಳಿವು ಹಿಡಿದು ರಯಾನ್ಸಿಲ್ ತಯಾರಿಸೋ ಮೆಸೊಬ್ಲಾಸ್ಟ್ ಕಂಪನಿ ಮುಂದುವರೀತು.

2020ರಲ್ಲಿ ಎಫ್‌ಡಿಎಯ ಸಲಹಾ ಸಮಿತಿ 9-1 ಮತದಿಂದ ಪರವಾಗಿ ಹೇಳ್ತು, ಆದ್ರೂ ಎಫ್‌ಡಿಎ ಅದೇ ವರ್ಷ ಒಪ್ಪಿಗೆ ಕೊಡದೆ ಇನ್ನಷ್ಟು ಪುರಾವೆ ಕೇಳ್ತು, 2023ರಲ್ಲಿ ಮತ್ತೆ ಹಾಗೇ. ಮುಖ್ಯ ತಕರಾರುಗಳಲ್ಲಿ ಒಂದು ಪೊಟೆನ್ಸಿ ಟೆಸ್ಟ್. ಪ್ಯಾರಾಸಿಟಮಾಲ್ ಮಾತ್ರೆ ಆದ್ರೆ 500 ಮಿಲಿಗ್ರಾಂ ಇದೆಯಾ ಅಂತ ತೂಗಿ ನೋಡಿದ್ರೆ ಮುಗೀತು. ಕೋಶದಲ್ಲಿ ಏನನ್ನ ತೂಗೋದು? ಈ ಬ್ಯಾಚು ರೋಗಿಯಲ್ಲಿ ಕೆಲಸ ಮಾಡುತ್ತೆ ಅಂತ ಕೊಡೋ ಮೊದಲೇ ಹೇಳಬಲ್ಲ ಒಂದು ಅಳತೆ ಬೇಕು, ಆ ಅಳತೆ ಹೆಚ್ಚಿದ್ದ ಬ್ಯಾಚು ಪಡೆದವರಿಗೆ ನಿಜವಾಗಲೂ ಹೆಚ್ಚು ಗುಣ ಆಗಿದೆ ಅಂತ ತೋರಿಸಬೇಕು. ತಜ್ಞರ ಅಂತರರಾಷ್ಟ್ರೀಯ ಸಂಘ 2006ರಲ್ಲಿ ಒಂದು ಕನಿಷ್ಠ ಪಟ್ಟಿ ಮಾಡಿದೆ, ಪ್ಲಾಸ್ಟಿಕ್ಕಿಗೆ ಅಂಟಬೇಕು, ಮೈಮೇಲೆ ಸಿಡಿ73, ಸಿಡಿ90, ಸಿಡಿ105 ಗುರುತು ಶೇ 95ಕ್ಕೆ ಕಡಿಮೆ ಇಲ್ಲದಂತೆ ಇರಬೇಕು, ರಕ್ತಕೋಶದ ಗುರುತುಗಳು ಶೇ 2 ದಾಟಬಾರದು, ಮೂಳೆ-ಕೊಬ್ಬು-ಮೃದ್ವಸ್ಥಿ ಆಗೋ ಶಕ್ತಿ ಇರಬೇಕು ಅಂತ. ಈ ಪಟ್ಟಿ ಗುರುತಿನ ಚೀಟಿ ಅಷ್ಟೇ. ಕೋಶಕ್ಕೆ ಮೂಳೆಯಾಗೋ ತಾಕತ್ತಿದೆ ಅನ್ನೋದರಿಂದ ಅದು ಕರುಳಿನ ಉರಿಯೂತ ತಗ್ಗಿಸುತ್ತೆ ಅಂತ ಗೊತ್ತಾಗಲ್ಲ. ಮುಪ್ಪಾದ ಕೋಶವೂ ಸಿಡಿ ಗುರುತುಗಳಲ್ಲಿ ಪಾಸಾಗಬಹುದು.

ಕೊನೆಗೆ ಒಪ್ಪಿಗೆ ಸಿಕ್ಕಿದ್ದು 54 ಮಕ್ಕಳ ಟ್ರಯಲ್ ಆಧಾರದ ಮೇಲೆ. 28ನೇ ದಿನಕ್ಕೆ 16 ಮಕ್ಕಳಲ್ಲಿ ರೋಗ ಪೂರ್ತಿ ಹತೋಟಿಗೆ ಬಂದಿತ್ತು, 22 ಮಕ್ಕಳಲ್ಲಿ ಭಾಗಶಃ. ಹೋಲಿಕೆಗೆ ಅಂತ ಇನ್ನೊಂದು ಗುಂಪು ಇರಲಿಲ್ಲ, ಇದು ನಿಜವಾದ ಕೊರತೆ. ಆದ್ರೆ 12 ವರ್ಷದ ಕೆಳಗಿನ ಮಕ್ಕಳಿಗೆ ಸ್ಟೀರಾಯ್ಡ್ ಸೋತ ಮೇಲೆ ಒಪ್ಪಿಗೆ ಪಡೆದ ಬೇರೆ ಔಷಧಿ ಅಲ್ಲಿ ಇರಲಿಲ್ಲ, ಸಾಯ್ತಿರೋ ಮಗುವನ್ನ ಪ್ಲಾಸಿಬೋ ಗುಂಪಿಗೆ ಹಾಕಿ ಅಂತ ಹೆತ್ತವರಿಗೆ ಹೇಳೋದು ಹೇಗೆ? ಹಾಗಾಗಿ ಒಪ್ಪಿಗೆ 2 ತಿಂಗಳು ತುಂಬಿದ ಮಕ್ಕಳಿಗೆ, ಸ್ಟೀರಾಯ್ಡಿಗೆ ಬಗ್ಗದ ತೀವ್ರ ಜಿವಿಎಚ್‌ಡಿಗೆ ಮಾತ್ರ. ದೊಡ್ಡವರಿಗಿಲ್ಲ. ಮಂಡಿನೋವಿಗಂತೂ ಇದಕ್ಕೂ ಸಂಬಂಧವೇ ಇಲ್ಲ.

ಅಲೋಫಿಸೆಲ್ ಬಿದ್ದಿದ್ದು ಹೇಗೆ

ಅಲೋಫಿಸೆಲ್ ಕೊಬ್ಬಿನಿಂದ ಬೆಳೆಸಿದ್ದು, ಕ್ರೋನ್ಸ್ ಅನ್ನೋ ಕರುಳಿನ ಉರಿಯೂತದ ರೋಗದಲ್ಲಿ ಗುದದ್ವಾರದ ಹತ್ತಿರ ಆಗೋ ಫಿಸ್ಟುಲಾಗೆ (ಕೊಳವೆಯಂಥ ಹುಣ್ಣಿನ ತೂತು) 12 ಕೋಟಿ ಕೋಶ ನೇರವಾಗಿ ಚುಚ್ಚಿ ಕೊಡೋದು. ಅಂದ್ರೆ ಮೂಲ ಬೇರೆ, ದಾರಿ ಬೇರೆ, ರೋಗ ಬೇರೆ. 212 ಜನರ ಮೊದಲ ಟ್ರಯಲ್‌ನಲ್ಲಿ ಔಷಧಿ ಪಡೆದವರಲ್ಲಿ ಸುಮಾರು ಅರ್ಧ ಜನಕ್ಕೆ 24 ವಾರಕ್ಕೆ ಗುಣ ಕಂಡಿತ್ತು, ಪ್ಲಾಸಿಬೋ ಗುಂಪಲ್ಲಿ ಮೂರನೇ ಒಂದು ಭಾಗ ಚಿಲ್ಲರೆ. ಇದರ ಮೇಲೆ ಯುರೋಪ್ ಒಪ್ಪಿಗೆ ಕೊಡ್ತು. 568 ಜನರ ಎರಡನೇ ಟ್ರಯಲ್‌ನಲ್ಲಿ ಔಷಧಿಯವರಿಗೆ ಶೇ 48.8, ಪ್ಲಾಸಿಬೋದವರಿಗೆ ಶೇ 46.3.

ಈ ಅಂಕಿ ಗಮನಿಸಿ ನೋಡಬೇಕು. ಔಷಧಿ ಗುಂಪಿನ ಫಲಿತಾಂಶ ಎರಡೂ ಸಲ ಸುಮಾರು ಅಷ್ಟೇ, ಮೇಲೆ ಹೋಗಿದ್ದು ಪ್ಲಾಸಿಬೋ ಗುಂಪು. ಎರಡೂ ಗುಂಪಿಗೂ ಮೊದಲು ಫಿಸ್ಟುಲಾವನ್ನ ಕೆರೆದು ಶುಚಿ ಮಾಡಿ ಒಳತೂತು ಹೊಲೀತಾರೆ, ಆ ಆಪರೇಷನ್ ಚೆನ್ನಾಗಿ ಆದ್ರೆ ಅದರಿಂದಲೇ ಅರ್ಧ ಜನಕ್ಕೆ ಗುಣ ಆಗುತ್ತೆ ಅನ್ನೋದು ಒಂದು ಓದು. ಕೋಶಗಳು ಹಾನಿ ಮಾಡಿದ್ವು ಅಂತಲ್ಲ, ಅವು ಸೇರಿಸಿದ್ದು ಏನೂ ಕಾಣಲಿಲ್ಲ. ಇದರಿಂದ ರಯಾನ್ಸಿಲ್ ಸುಳ್ಳು ಅಂತಾಗಲ್ಲ, ರಯಾನ್ಸಿಲ್ ಪಾಸಾಯ್ತು ಅಂತ ಅಲೋಫಿಸೆಲ್‌ಗೆ ಅನ್ಯಾಯ ಆಯ್ತು ಅಂತಲೂ ಆಗಲ್ಲ. ಆದ್ರೆ ಹೋಲಿಕೆ ಗುಂಪು ಇಲ್ಲದೆ ಬಂದ ಫಲಿತಾಂಶವನ್ನ ಎಷ್ಟು ನಂಬಬಹುದು ಅನ್ನೋ ಪ್ರಶ್ನೆ ಮಾತ್ರ ಗಟ್ಟಿಯಾಗಿ ನಿಲ್ಲುತ್ತೆ, ಆ ಪ್ರಶ್ನೆ ರಯಾನ್ಸಿಲ್ ಮೇಲೂ ಇದೆ.

ಬಿಗಿ ಬೇಕು ಅನ್ನೋರು, ಸಡಿಲ ಬೇಕು ಅನ್ನೋರು

ಸಡಿಲ ಬೇಕು ಅನ್ನೋರ ವಾದದಲ್ಲಿ ನೋವಿದೆ. ಬೇರೆ ದಾರಿ ಇಲ್ಲದ ರೋಗಿ ಹತ್ತು ವರ್ಷ ಟ್ರಯಲ್ ಮುಗಿಯಲಿ ಅಂತ ಕಾಯೋಕಾಗಲ್ಲ, ನನ್ನದೇ ದೇಹದ ಕೋಶವನ್ನ ನನಗೇ ಹಾಕಿಸಿಕೊಳ್ಳೋಕೆ ಸರ್ಕಾರದ ಅಪ್ಪಣೆ ಯಾಕೆ ಅಂತ ಅವರು ಕೇಳ್ತಾರೆ. ಜಪಾನ್ 2014ರಿಂದ ಮಧ್ಯದ ದಾರಿ ಹಿಡಿದಿದೆ, ಸಣ್ಣ ಟ್ರಯಲ್‌ನಲ್ಲಿ ಆಸೆ ಕಂಡ್ರೆ ಷರತ್ತಿನ ಮೇಲೆ ಒಪ್ಪಿಗೆ ಕೊಟ್ಟು ಮಾರಾಟ ಮಾಡ್ತಾನೇ ಪುರಾವೆ ಸೇರಿಸಿ ಅನ್ನುತ್ತೆ. 2018ರಲ್ಲಿ ಬೆನ್ನುಹುರಿ ಪೆಟ್ಟಿಗೆ ಸ್ಟೆಮಿರಾಕ್ ಅನ್ನೋದಕ್ಕೆ ಹೀಗೆ ಒಪ್ಪಿಗೆ ಸಿಕ್ಕಿದ್ದು 13 ರೋಗಿಗಳ ಮಾಹಿತಿ ಮೇಲೆ. ಪುರಾವೆ ಬರೋ ಮೊದಲೇ ದುಡ್ಡು ಕಟ್ಟಿಸಿಕೊಂಡ್ರೆ ಪುರಾವೆ ಹುಡುಕೋ ಆತುರವೇ ಹೋಗುತ್ತೆ ಅಂತ ಟೀಕೆ ಮಾಡೋರೂ ಇದ್ದಾರೆ.

ಬಿಗಿ ಬೇಕು ಅನ್ನೋರ ಉತ್ತರ ಲ್ಯಾಬಿನಿಂದಲೇ ಬರುತ್ತೆ. ಹದಿನೈದು ಸಲ ಪ್ಲಾಸ್ಟಿಕ್ ಮೇಲೆ ಒಡೆದು, ಕರುವಿನ ಸೀರಮ್ ಉಂಡು, ಹೆಪ್ಪುಗಟ್ಟಿ ಕರಗಿದ ಕೋಶ ನಿಮ್ಮಿಂದ ತೆಗೆದ ಕೋಶದ ಹಾಗೇ ಇದೆ ಅಂತ ಹೇಳೋಕಾಗಲ್ಲ, ಅದು ತಯಾರಾದ ವಸ್ತು. ಅಮೆರಿಕದ ಮೇಲ್ಮನವಿ ಕೋರ್ಟು 2014ರಲ್ಲಿ ಲ್ಯಾಬಲ್ಲಿ ಬೆಳೆಸಿದ ಕೋಶವನ್ನ ಔಷಧಿ ಅಂತಲೇ ನೋಡಬೇಕು ಅಂದಿದ್ದು ಇದೇ ತರ್ಕದ ಮೇಲೆ. ಬೆಳೆಸದೆ ಕೊಬ್ಬಿನಿಂದ ಬೇರ್ಪಡಿಸಿ ಅದೇ ದಿನ ಕೊಡೋದಕ್ಕೂ ಇದು ಅನ್ವಯ ಆಗುತ್ತೆ ಅಂತ ಇನ್ನೊಂದು ಕೋರ್ಟು 2024ರ ಸೆಪ್ಟೆಂಬರಲ್ಲಿ ಹೇಳ್ತು. ನನ್ನದೇ ಕೋಶ, ಹಾಗಾಗಿ ಅಪಾಯ ಇಲ್ಲ ಅನ್ನೋ ನಂಬಿಕೆಗೆ ಬಿದ್ದ ದೊಡ್ಡ ಪೆಟ್ಟು 2017ರಲ್ಲಿ ವರದಿಯಾಯ್ತು, ಫ್ಲಾರಿಡಾದ ಒಂದು ಕ್ಲಿನಿಕ್ಕಲ್ಲಿ ದುಡ್ಡು ಕಟ್ಟಿ ತಮ್ಮದೇ ಕೊಬ್ಬಿನ ಕೋಶವನ್ನ ಒಂದೇ ದಿನ ಎರಡೂ ಕಣ್ಣಿಗೆ ಹಾಕಿಸಿಕೊಂಡ ಮೂವರು ಹೆಂಗಸರ ದೃಷ್ಟಿ ಹೋಗಿತ್ತು, ಕಣ್ಣಿನ ತಜ್ಞರು ಅದನ್ನ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಿಸಿದ್ರು.

ಈಗ ಅದೇ ರಾಜ್ಯದಲ್ಲಿ ಬಾಗಿಲು ಸಡಿಲಾಗಿದೆ. ಕಾನೂನಿನಲ್ಲಿ ಕೆಲವು ಕಟ್ಟುಪಾಡು ಇವೆ, ಎಫ್‌ಡಿಎ ಒಪ್ಪಿಗೆ ಇಲ್ಲ ಅಂತ ರೋಗಿಗೆ ತಿಳಿಸಿ ಸಹಿ ತಗೊಳ್ಳಲೇಬೇಕು. ಆದ್ರೆ ಈ ಬ್ಯಾಚು ಕೆಲಸ ಮಾಡುತ್ತಾ ಅನ್ನೋ ಪ್ರಶ್ನೆಗೆ ಅಂಥ ಒಂದು ಸಹಿಯಿಂದ ಉತ್ತರ ಸಿಗಲ್ಲ. ಮಂಡಿಯ ಸವೆತಕ್ಕೆ ಬೇರೆ ಬೇರೆ ಮೂಲದ ಕೋಶಗಳನ್ನ ಸ್ಟೀರಾಯ್ಡ್ ಇಂಜೆಕ್ಷನ್ ಜೊತೆ 470ಕ್ಕೂ ಹೆಚ್ಚು ಜನರಲ್ಲಿ ಹೋಲಿಸಿದ ಟ್ರಯಲ್ 2023ರಲ್ಲಿ ಪ್ರಕಟ ಆಯ್ತು, ಒಂದು ವರ್ಷಕ್ಕೆ ನೋವಿನ ವಿಷಯದಲ್ಲಿ ಯಾವ ಕೋಶವೂ ಸ್ಟೀರಾಯ್ಡಿಗಿಂತ ಮೇಲು ಅಂತ ಕಾಣಲಿಲ್ಲ. ಸಡಿಲ ಆಗಿರೋ ಮೂರು ವಿಷಯದಲ್ಲಿ ಒಂದು ಇದೇ ಕೀಲಿನದ್ದು ಅನ್ನೋದು ಬೇಜಾರಿನ ಸಂಗತಿ.

ಇದರಿಂದ ಮುಂದೆ ಏನಾಗಬಹುದು

ಮೊದಲನೇದು ಬೆಲೆ. ರಯಾನ್ಸಿಲ್ ಒಂದು ಡೋಸಿಗೆ 1,94,000 ಡಾಲರ್, ಎಂಟು ಡೋಸಿಗೆ ಸುಮಾರು 15.5 ಲಕ್ಷ ಡಾಲರ್. ಕಂಪನಿ ಬೆಲೆ ಇಡೋದು ಬರೀ ತಯಾರಿಕೆ ಖರ್ಚಿನ ಮೇಲಲ್ಲ, ಆದ್ರೆ ಕೈಯಲ್ಲಿ ಫ್ಲಾಸ್ಕ್ ಹಿಡಿದು ಬೆಳೆಸೋ ಕೆಲಸ, ಸ್ವಚ್ಛ ಕೋಣೆ, ಪ್ರತಿ ಬ್ಯಾಚಿನ ಪರೀಕ್ಷೆ ಇದೆಲ್ಲ ಇರೋವರೆಗೆ ಈ ಥರದ ಔಷಧಿ ಅಗ್ಗ ಆಗೋದು ಕಷ್ಟ. ಹಾಗಾಗಿ ದೊಡ್ಡ ಟ್ಯಾಂಕಲ್ಲಿ ಸಣ್ಣ ಸಣ್ಣ ಮಣಿಗಳ ಮೇಲೆ ಕೋಶ ಅಂಟಿಸಿ ಕಲಕುತ್ತಾ ಬೆಳೆಸೋ ಬಯೋರಿಯಾಕ್ಟರ್ ಕಡೆಗೆ ಎಲ್ಲರ ಕಣ್ಣಿದೆ. ಅಲ್ಲೂ ಪ್ರಶ್ನೆ ಅದೇ, ಕಲಕೋ ಒತ್ತಡ ಕೋಶವನ್ನ ಬದಲಾಯಿಸಿದ್ರೆ ಹಳೆ ಟ್ರಯಲ್‌ನ ಫಲಿತಾಂಶ ಹೊಸ ವಿಧಾನಕ್ಕೆ ಅನ್ವಯ ಆಗುತ್ತಾ? ತಯಾರಿಸೋ ವಿಧಾನ ಬದಲಾದ್ರೆ ಮತ್ತೆ ಸಾಬೀತು ಮಾಡಬೇಕಾಗುತ್ತೆ, ಅದರಿಂದಲೇ ಕಂಪನಿಗಳು ಹಳೆ ವಿಧಾನ ಬಿಡೋಕೆ ಹಿಂದೇಟು ಹಾಕ್ತವೆ.

ಎರಡನೇದು, ದಾನಿಗಳ ಮೇಲಿನ ಅವಲಂಬನೆ ತಪ್ಪಿಸೋಕೆ ಐಪಿಎಸ್ ಕೋಶದಿಂದ (ಮಾಮೂಲಿ ಕೋಶವನ್ನ ಲ್ಯಾಬಲ್ಲಿ ಭ್ರೂಣದ ಕೋಶದಂಥ ಸ್ಥಿತಿಗೆ ವಾಪಸ್ ತಂದಿದ್ದು) ಇವನ್ನ ತಯಾರಿಸೋ ಪ್ರಯತ್ನ ಈಗಾಗಲೇ ಮನುಷ್ಯರ ಟ್ರಯಲ್‌ಗೆ ಬಂದಿದೆ. ಐಪಿಎಸ್ ಕೋಶ ಎಷ್ಟು ಸಲ ಬೇಕಾದ್ರೂ ಒಡೆಯುತ್ತೆ, ಹಾಗಾಗಿ ಇಬ್ಭಾಗದ ಲೆಕ್ಕವೇ ಬದಲಾಗುತ್ತೆ, ಪ್ರತಿ ಸಲ ಎಳೆಯ ಕೋಶದಿಂದಲೇ ಶುರು ಮಾಡಬಹುದು. ಆದ್ರೆ ಒಂದೇ ಒಂದು ಐಪಿಎಸ್ ಕೋಶ ಬದಲಾಗದೆ ಉಳಿದುಬಿಟ್ರೆ ಗಡ್ಡೆ ಬೆಳೆಯೋ ಅಪಾಯ, ಅದನ್ನ ಹುಡುಕಿ ತೆಗೆಯೋ ಪರೀಕ್ಷೆ ಇಲ್ಲಿ ಹೊಸ ಹೊರೆ.

ಮೂರನೇದು ಕೋಶವನ್ನೇ ಬಿಟ್ಟು ಅದು ಸುರಿಸೋ ಎಕ್ಸೋಸೋಮ್ ಅನ್ನೋ ಸಂಕೇತ ಹೊತ್ತ ಅತಿಸಣ್ಣ ಚೀಲಗಳನ್ನ ಮಾತ್ರ ಬಳಸೋ ಮಾತು. ತರ್ಕ ಸರಿಯಿದೆ, ಕೆಲಸ ಮಾಡೋದು ಸಂಕೇತಗಳೇ ಆದ್ರೆ ಕೋಶ ಯಾಕೆ ಬೇಕು. ಆದ್ರೆ ಎಕ್ಸೋಸೋಮ್ ಬರೋದೂ ಅದೇ ಫ್ಲಾಸ್ಕಿನಿಂದ, ಅದೇ ಪ್ಯಾಸೇಜಿನ ಕೋಶದಿಂದ, ಹಾಗಾಗಿ ಮೇಲಿನ ಎಲ್ಲಾ ತೊಂದರೆಯೂ ಜೊತೆಗೇ ಬರುತ್ತೆ. ಒಪ್ಪಿಗೆ ಇಲ್ಲದ ಎಕ್ಸೋಸೋಮ್ ಇಂಜೆಕ್ಷನ್ ಬಗ್ಗೆ ಎಫ್‌ಡಿಎ 2019ರಲ್ಲೇ ಜನರಿಗೆ ಎಚ್ಚರಿಕೆ ಕೊಟ್ಟಿತ್ತು.

ರೋಗಿಗಳ ಮನೆಯವರ ಮಟ್ಟದಲ್ಲಿ ಆಗೋ ಪರಿಣಾಮ ಇನ್ನೂ ನೇರ. ಎಫ್‌ಡಿಎ ಸ್ಟೆಮ್ ಸೆಲ್‌ಗೆ ಒಪ್ಪಿಗೆ ಕೊಟ್ಟಿದೆ ಅನ್ನೋ ಸಾಲನ್ನ ಯಾರು ಬೇಕಾದ್ರೂ ಜಾಹೀರಾತಲ್ಲಿ ಹಾಕಿಕೊಳ್ಳಬಹುದು, ಆ ಸಾಲು ಸುಳ್ಳೂ ಅಲ್ಲ, ಆದ್ರೆ ಅವರು ಕೊಡೋ ಬಾಟಲಿಗೂ ಆ ಒಪ್ಪಿಗೆಗೂ ಹೆಸರು ಬಿಟ್ಟು ಬೇರೆ ಸಂಬಂಧ ಇರಲ್ಲ. ಅಂಥ ಕಡೆ ಹೋದವರು ಕೇಳಬೇಕಾಗಿದ್ದು ಲ್ಯಾಬಿನ ಪ್ರಶ್ನೆಗಳನ್ನೇ. ಕೋಶ ಯಾರದ್ದು, ದೇಹದ ಯಾವ ಭಾಗದ್ದು, ಎಷ್ಟನೇ ಪ್ಯಾಸೇಜು, ಯಾವ ಸೀರಮ್ಮಲ್ಲಿ ಬೆಳೆದಿದ್ದು, ಮೈಕೋಪ್ಲಾಸ್ಮಾ ಟೆಸ್ಟ್ ಯಾವಾಗ ಆಯ್ತು, ಹೆಪ್ಪು ಕರಗಿಸಿದ ಮೇಲೆ ಶೇಕಡಾ ಎಷ್ಟು ಬದುಕಿವೆ, ಪೊಟೆನ್ಸಿಗೆ ಯಾವ ಅಳತೆ, ನೋಂದಣಿ ಆಗಿರೋ ಟ್ರಯಲ್ಲಾ ಅಲ್ವಾ, ಟ್ರಯಲ್ ಆದ್ರೆ ನನ್ನಿಂದ ದುಡ್ಡು ಯಾಕೆ. ಸರಿಯಾಗಿ ಬೆಳೆಸೋ ಲ್ಯಾಬಲ್ಲಿ ಪ್ರತಿ ಬ್ಯಾಚಿನ ಜೊತೆ ಇವನ್ನ ಬರೆದ ಹಾಳೆ ಇರುತ್ತೆ, ಕೇಳಿದ್ರೆ ತೆಗೆದು ತೋರಿಸೋಕೆ ಐದು ನಿಮಿಷ ಸಾಕು.